ಕೈಗೆ ಒಪ್ಪಿಸಿದ್ದು

ಸರೆಂಡರ್ ಎಂಬ ಪದವನ್ನು ದಿನಬಳಕೆಯ ಮಾತಾಗಿ ನಾನು ಮೊದಲು ಕೇಳಿದ್ದು ನನ್ನ ಗಂಡನ ಬಾಯಲ್ಲಿ. ಅವರು ಜೀವವಿಮೆಯ ಕಚೇರಿಯಲ್ಲಿದ್ದರು. ಕಂತು ಕಟ್ಟಲಾಗದವರು ಪಾಲಿಸಿಯನ್ನು ಬಿಟ್ಟುಕೊಡಲು ಅಲ್ಲಿಗೆ ಬರುತ್ತಿದ್ದರು. "ಇವತ್ತು ಎರಡು ಸರೆಂಡರ್" ಎಂದು ಸಂಜೆ ಚಹಾ ಕುಡಿಯುತ್ತ ಹೇಳುತ್ತಿದ್ದರು. ಹಾಗೆ ಬಂದವರು ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾರಂತೆ. ಬೇಡವೆಂದರೂ ಕೇಳುವುದಿಲ್ಲವಂತೆ.

ಗಂಡ ತೀರಿಹೋದ ಮೇಲೆ ಮನೆಗೆ ಬಂದವರೆಲ್ಲ ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿದರು. ದೇವರಿಗೆ ಒಪ್ಪಿಸಿಬಿಡು, ಉಮ. ನಾನು ಹೂಂ ಎನ್ನುತ್ತಿದ್ದೆ. ಏನನ್ನು ಒಪ್ಪಿಸಬೇಕೆಂದು ಕೇಳಲಿಲ್ಲ.

ಅದು ಐವತ್ತೆಂಟನೆಯ ಇಸವಿ. ಕಚೇರಿ ಬಿಟ್ಟು ಸೈಕಲಿನಲ್ಲಿ ಉರ್ವದ ಮನೆಗೆ ಬರುತ್ತಿದ್ದ ಅವರಿಗೆ ಮಣ್ಣಗುಡ್ಡೆಯ ತಿರುವಿನಲ್ಲಿ ಹಂಚು ತುಂಬಿದ ಲಾರಿಯೊಂದು ಬಡಿಯಿತು. ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಪ್ರಾಣ ಹೋಯಿತು. ಲಾರಿಯ ಡ್ರೈವರ್ ಓಡಿಹೋದ. ಅವನ ಹೆಸರು ಯಾಹ್ಯಾ, ಕುದ್ರೋಳಿಯವನು ಎಂದು ಮರುದಿನ ಎಲ್ಲರಿಗೂ ಗೊತ್ತಾಯಿತು. ಪೊಲೀಸರಿಗೆ ಅವನು ಸಿಕ್ಕಲಿಲ್ಲ. ನಿತ್ಯಾನಂದನಿಗೂ ಸಿಕ್ಕಲಿಲ್ಲ.

ನಿತ್ಯಾನಂದ ನನ್ನ ಗಂಡನ ಅಕ್ಕ ರತ್ನಾವತಿಯವರ ಮಗ. ಹಂಪನಕಟ್ಟೆಯಲ್ಲಿದ್ದ ಕುಟುಂಬದ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಅವನಿಗೆ ಸೈಕಲು ಕಲಿಸಿದವರು, ಈಜು ಕಲಿಸಿದವರು, ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ನಪಾಸಾದಾಗ ಅವನ ಅಮ್ಮನಿಂದ ಪೆಟ್ಟು ತಪ್ಪಿಸಿದವರು ನನ್ನ ಗಂಡನೇ. ಅವರು ಹೋದಂದಿನಿಂದ ಅವನು ಗಡ್ಡ ತೆಗೆದಿರಲಿಲ್ಲ, ಹೋಟೆಲಿಗೂ ಹೋಗಿರಲಿಲ್ಲ. ನಾಲ್ಕು ಜನ ಸ್ನೇಹಿತರನ್ನು ಕಟ್ಟಿಕೊಂಡು ಊರು ತಿರುಗುತ್ತಿದ್ದ. ಲಾರಿಯ ಕ್ಲೀನರ್ ಅದ್ದು ಬಂದರಿನಲ್ಲಿ ಅವರ ಕೈಗೆ ಸಿಕ್ಕಿ, ಈಗ ಮುರಿದ ತೋಳಿನೊಂದಿಗೆ ಸರಕಾರಿ ಆಸ್ಪತ್ರೆಯಲ್ಲಿದ್ದ. ಲಾರಿ ನನ್ನ ಗಂಡನಿಗೆ ಬಡಿಯುವಾಗ ಅದ್ದು ಅದರೊಳಗೆ ಮಲಗಿ ನಿದ್ದೆ ಮಾಡುತ್ತಿದ್ದನಂತೆ.

"ನಿದ್ದೆಯವನಿಗೇ ಇಷ್ಟು" ಎಂದು ನಿತ್ಯಾನಂದ ಊಟಕ್ಕೆ ಕುಳಿತಾಗ ಹೇಳಿದ. "ಎಚ್ಚರ ಇದ್ದವ ಸಿಕ್ಕಲಿ."

"ಸುಮ್ಮನೆ ಉಣ್ಣು ಮಾರಾಯ" ಎಂದರು ಅವನ ತಾಯಿ. ಬೇಡ ಎಂದು ಹೇಳಲಿಲ್ಲ.

ಅವನು ನನ್ನ ಕಡೆ ನೋಡಿದ. "ಮಾಮಿಗೆ ಕಣ್ಣೀರೂ ಬರುವುದಿಲ್ಲ. ಬಿ.ಎ. ಮಾಡಿದವರಿಗೆ ಬರುವುದಿಲ್ಲವಾ ಎಂತ?"

ನಾನು ಸಾರಿನ ಪಾತ್ರೆಯನ್ನು ಅವನ ಹತ್ತಿರ ಸರಿಸಿದೆ. ಅವನು ಕೇಳಿದ್ದು ಸರಿ. ಬರುತ್ತಿರಲಿಲ್ಲ.

ಬೊಜ್ಜಕ್ಕೆ ಇನ್ನೂ ಕೆಲವು ದಿನಗಳಿದ್ದವು. ಆ ಉತ್ತರಕ್ರಿಯೆ ಮುಗಿದ ಮೇಲೆ ನಾನು ಕಾವೂರಿನ ನನ್ನ ತಾಯಿಯ ಮನೆಗೆ ಹೋಗಬೇಕಿತ್ತು. ನಮ್ಮಲ್ಲಿ ಅಳಿಯಸಂತಾನ. ಮನೆ, ಹೊಲ, ಹೆಸರು ತಾಯಿಯಿಂದ ಇಳಿಯುತ್ತವೆ. ಗಂಡಸಿನ ಹಕ್ಕಿಗೆ ಬರುವವನು ಅವನ ಸೋದರಿಯ ಮಗ. ಹೆಂಡತಿ ಬೇರೆ ಕುಟುಂಬದವಳು. ಗಂಡ ಇರುವವರೆಗೆ ಆ ಮನೆಯಲ್ಲಿರುತ್ತಾಳೆ, ಆಮೇಲೆ ತನ್ನವರಲ್ಲಿಗೆ ಮರಳುತ್ತಾಳೆ. ಇದರಲ್ಲಿ ಯಾರಿಗೂ ಯಾರ ಮೇಲೂ ಕೋಪವಿರುವುದಿಲ್ಲ. ಎರಡು ವರ್ಷದ ಹಿಂದೆ ಬಂದ ಹೊಸ ಕಾಯಿದೆಯಲ್ಲಿ ಹೆಂಡತಿಗೂ ಪಾಲುಂಟು ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಬಂದಾಗ ರತ್ನಾವತಿ ಅತ್ತಿಗೆ ನನ್ನ ಮುಖ ನೋಡುತ್ತಿದ್ದರು. ನಾನು ಕಾಯಿದೆಯನ್ನು ಓದಿದ್ದೆ. ಪಾಲು ಕೇಳುವ ಯೋಚನೆ ನನಗಿರಲಿಲ್ಲ. ಯಾವ ಯೋಚನೆಯೂ ಇರಲಿಲ್ಲ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಾವಿಯ ಕಟ್ಟೆಯ ಹತ್ತಿರ ಒಬ್ಬರು ಮುದುಕಿ ನಿಂತಿದ್ದರು. ತಲೆಯ ಮೇಲೆ ಬಿಳಿ ಬಟ್ಟೆ. ಹಿಂದಿನ ಓಣಿಯಿಂದ ಬಂದಿರಬೇಕು. ನನ್ನನ್ನು ಕಂಡವರೇ ಎರಡು ಕೈಗಳನ್ನೂ ಎದೆಯ ಮೇಲೆ ಇಟ್ಟುಕೊಂಡರು.

"ನೀವಲ್ಲವಾ ಚಿತ್ತರಂಜನಣ್ಣನ ಹೆಂಡತಿ?"

"ಹೌದು."

"ನಾನು ಶರೀಫಾ. ಯಾಹ್ಯಾನ ಉಮ್ಮ."

ಬಕೆಟ್ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟೆ. ಮನೆಯ ಒಳಗೆ ಯಾರೋ ಕೆಮ್ಮಿದರು. ಇಬ್ಬರೂ ಆ ಕಡೆ ನೋಡಿದೆವು. ಕೆಮ್ಮು ನಿಂತಿತು.

"ನಿಮ್ಮನ್ನು ಇಲ್ಲಿ ನೋಡಿದರೆ ಕಷ್ಟ" ಎಂದೆ.

"ಗೊತ್ತುಂಟು ಅಮ್ಮ. ಬೇಗ ಹೇಳಿ ಹೋಗ್ತೇನೆ." ಅವರ ತುಳುವಿನಲ್ಲಿ ಕರಾವಳಿಯ ಮುಸ್ಲಿಮರ ಮನೆಮಾತಾದ ಬ್ಯಾರಿಯ ಎಳೆತವಿತ್ತು. "ಅವನು ಒಪ್ಪಿಸಿಕೊಳ್ತಾನೆ. ಕೋರ್ಟಿನಲ್ಲಿ. ಇಸಿದೋರ್ ವಕೀಲರು ಎಲ್ಲ ಮಾತಾಡಿದ್ದಾರೆ. ಆದರೆ ಕೋರ್ಟಿನ ಗುಡ್ಡೆಯ ಕೆಳಗೆ ನಿಮ್ಮ ಹುಡುಗರು ದಿನಾ ಕೂತಿರ್ತಾರೆ. ಅದ್ದುವಿನ ಕೈ ನೋಡಿ ಬಂದೆ ನಾನು. ನನ್ನವನದ್ದು ಕೈಯಲ್ಲಿ ನಿಲ್ಲುವುದಿಲ್ಲ."

"ಠಾಣೆಗೆ ಹೋಗಲಿ."

"ಠಾಣೆಯ ರೈಟರು ನಿಮ್ಮ ನಿತ್ಯಾನಂದರ ಒಟ್ಟಿಗೆ ವಾಲಿಬಾಲ್ ಆಡುವವರಂತೆ. ವಕೀಲರು ಬೇಡ ಅಂದರು."

ಅವರು ಇನ್ನೊಂದು ಹೆಜ್ಜೆ ಹತ್ತಿರ ಬಂದರು.

"ನಮ್ಮಲ್ಲಿ ಅಮ್ಮ, ಸತ್ತವರ ಹಕ್ಕುದಾರರು ಮಾಫ್ ಮಾಡಿದೆ ಅಂತ ಒಂದು ಮಾತು ಹೇಳಿದರೆ ಮತ್ತೆ ಯಾರೂ ಕೈ ಎತ್ತುವ ಹಾಗಿಲ್ಲ. ಹೆಂಡತಿಗಿಂತ ದೊಡ್ಡ ಹಕ್ಕು ಯಾರದ್ದುಂಟು? ನೀವು ಒಂದು ಮಾತು ಹೇಳಿ. ಮಾಫ್ ಆಗದಿದ್ದರೆ ಬೇಡ. ಅವನ ಒಟ್ಟಿಗೆ ಆ ಗುಡ್ಡೆ ಹತ್ತಿ. ನಿಮ್ಮನ್ನು ದಾಟಿ ಯಾರು ಬರ್ತಾರೆ?"

ಎಲ್ಲರೂ ಬರುತ್ತಾರೆ ಎಂದು ನಾನು ಹೇಳಬೇಕಿತ್ತು. ನಮ್ಮಲ್ಲಿ ಹಾಗಲ್ಲ, ಸತ್ತವರ ಪರವಾಗಿ ಮಾತಾಡುವವರು ಅಕ್ಕ ಮತ್ತು ಅಳಿಯ, ನಾನು ಬೊಜ್ಜದವರೆಗಿನ ನೆಂಟಳು ಎಂದು ಹೇಳಬೇಕಿತ್ತು. ಕುದ್ರೋಳಿಯಲ್ಲಿ ಹುಟ್ಟಿ ಬೆಳೆದ ಹೆಂಗಸು ನಮ್ಮವರ ನಡುವೆಯೇ ಬದುಕಿದ್ದರೂ ಇದನ್ನು ತಿಳಿದಿರಲಿಲ್ಲ. ಅಥವಾ ತಿಳಿದಿದ್ದೂ ಆ ಭಯದಲ್ಲಿ ತನ್ನವರ ಲೆಕ್ಕವನ್ನೇ ಹಿಡಿದು ಬಂದಿದ್ದರು. ನಾನು ತಿದ್ದಲಿಲ್ಲ. ನನ್ನ ಗಂಡನ ಸಾವಿನಲ್ಲಿ ನನಗೂ ಏನೋ ಹಕ್ಕುಂಟು ಎಂದು ಹೇಳಿದ ಮೊದಲನೆಯವರು ಅವರು.

"ಮಾಫ್ ಮಾಡಲಾರೆ" ಎಂದೆ. "ಬರ್ತೇನೆ."

ಅವರು ನನ್ನ ಕೈ ಹಿಡಿಯಲು ಬಂದರು. ನಾನು ಬಕೆಟ್ ಎತ್ತಿಕೊಂಡೆ.

"ಹುಟ್ಟಿಸಿದ ದೇವರಿಗೆ ಅವನನ್ನು ಆವತ್ತೇ ಒಪ್ಪಿಸಿದ್ದೇನೆ" ಎಂದರು ಶರೀಫಾ, ಹೋಗುವಾಗ. "ಅದಕ್ಕೆ ಹೆದರಿಕೆ ಆಗಲಿಲ್ಲ. ಮನುಷ್ಯರಿಗೆ ಒಪ್ಪಿಸುವುದಕ್ಕೇ ಹೆದರಿಕೆ."

ಎರಡು ದಿನ ಬಿಟ್ಟು, ಅವರು ಹೇಳಿದ್ದ ಸೋಮವಾರ ಬೆಳಿಗ್ಗೆ, ರತ್ನಾವತಿ ಅತ್ತಿಗೆ ಜಗಲಿಯಲ್ಲಿ ಕುಳಿತು ಬೊಜ್ಜದ ಅಡುಗೆಯವರೊಡನೆ ಮಾತಾಡುತ್ತಿದ್ದರು. ನಾನು ಬಿಳಿ ಸೀರೆ ಉಟ್ಟು ಮುಂದಿನ ಬಾಗಿಲಿನಿಂದಲೇ ಹೊರಟೆ.

"ಎಲ್ಲಿಗೆ ಉಮ, ಸೂತಕದಲ್ಲಿ?"

"ಕೋರ್ಟಿಗೆ."

ಅವರು ಅಡುಗೆಯವರಿಗೆ ಕೈಸನ್ನೆ ಮಾಡಿ ನಿಲ್ಲಿಸಿದರು. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಬೊಜ್ಜ ಆಗುವವರೆಗಾದರೂ ಕಾಯಬಹುದಿತ್ತು" ಎಂದರು. "ಪಾಲು ಎಲ್ಲಿಗೂ ಓಡಿಹೋಗುತ್ತಿರಲಿಲ್ಲ."

"ಅದಕ್ಕಲ್ಲ ಅತ್ತಿಗೆ."

"ಮತ್ತೆ ಎಂತಕ್ಕೆ? ಕೋರ್ಟಿನಲ್ಲಿ ಹೂವು ಮಾರ್ತಾರಾ?"

ನಿಜ ಹೇಳಿದ್ದರೆ ಯಾರನ್ನಾದರೂ ಓಡಿಸಿ ಮಗನಿಗೆ ಹೇಳಿಕಳಿಸುತ್ತಿದ್ದರು. ಪಾಲಿಗೆ ಎಂದು ನಂಬಿದರೆ ಮಗ ಮನೆಗೆ ಬರುವವರೆಗೆ ಕಾಯುತ್ತಾರೆ. ನಾನು ಉತ್ತರ ಕೊಡದೆ ಮೆಟ್ಟಿಲು ಇಳಿದೆ. ಹಿಂದಿನಿಂದ ಅಡುಗೆಯವರಲ್ಲಿ ಹಿರಿಯವನು, "ಕುಂಬಳಕಾಯಿ ಎಷ್ಟು ಹೇಳಲಿ ಅಕ್ಕ?" ಎಂದು ಕೇಳುವುದು ಕೇಳಿಸಿತು.

ಕುದ್ರೋಳಿಯಲ್ಲಿ ಶರೀಫಾ ಹೇಳಿದ್ದ ಒಣಮೀನಿನ ಗೋದಾಮಿನ ಎದುರು ಟ್ಯಾಕ್ಸಿ ನಿಂತಿತ್ತು. ಇಸಿದೋರ್ ವಕೀಲರು ಕರಿ ಕೋಟು ಮಡಚಿ ತೋಳಿಗೆ ಹಾಕಿಕೊಂಡು ಬೆವರು ಒರೆಸುತ್ತಿದ್ದರು. ನನ್ನನ್ನು ಕಂಡು ಕರವಸ್ತ್ರವನ್ನು ಜೇಬಿಗೆ ಹಾಕಿದರು.

"ನೀವು ಬರುವುದಿಲ್ಲ ಅಂತ ನಾನು ಈ ಅಮ್ಮನ ಹತ್ತಿರ ಪಂಥ ಕಟ್ಟಿದ್ದೆ" ಎಂದರು. "ಸೋತೆ. ನನಗೆ ಸೋತು ಅಭ್ಯಾಸ ಉಂಟು, ಇಪ್ಪತ್ತು ವರ್ಷದಿಂದ ಕ್ರಿಮಿನಲ್ ಪ್ರಾಕ್ಟೀಸು."

"ಕೋರ್ಟಿನಲ್ಲಿ ನಾನು ಎಂತ ಮಾಡಬೇಕು?"

"ಒಳಗೆ ನಿಮಗೆ ಕೆಲಸ ಇಲ್ಲ. ಮ್ಯಾಜಿಸ್ಟ್ರೇಟರ ಎದುರು ನಿಂತು ಇವನೇ ಯಾಹ್ಯಾ, ಸರೆಂಡರ್ ಆಗಿದ್ದಾನೆ ಎಂದು ನಾನು ಹೇಳಿದರೆ ಆಯಿತು. ಆಮೇಲೆ ಅವನು ಸರಕಾರದ ಜವಾಬ್ದಾರಿ. ಆ ಬಾಗಿಲು ಮುಟ್ಟುವವರೆಗೆ ಅವನು ಯಾರ ಜವಾಬ್ದಾರಿಯೂ ಅಲ್ಲ. ಅಷ್ಟು ದೂರಕ್ಕೆ ಮಾತ್ರ ನೀವು."

ಗೋದಾಮಿನಿಂದ ಅವನು ಹೊರಗೆ ಬಂದ. ನಾನು ಯಾವುದೋ ದೊಡ್ಡ ಆಳನ್ನು ಎಣಿಸಿಕೊಂಡಿದ್ದೆ. ತೆಳ್ಳಗಿನ ಹುಡುಗ, ನಿತ್ಯಾನಂದನಷ್ಟೇ ವಯಸ್ಸು. ಹೊಸದಾಗಿ ಒಗೆದ ಅಂಗಿ. ಬಿಸಿಲಿಗೆ ಕಣ್ಣು ಬಿಡಲಾಗದೆ ಮುಖ ತಗ್ಗಿಸಿಕೊಂಡ. ಮೈಯಿಂದ ಒಣಮೀನಿನ ವಾಸನೆ ಬರುತ್ತಿತ್ತು.

ವಕೀಲರು ಮುಂದೆ ಕುಳಿತರು. ಹಿಂದೆ ಒಂದು ಬದಿಗೆ ಶರೀಫಾ, ಇನ್ನೊಂದು ಬದಿಗೆ ನಾನು, ನಡುವೆ ಅವನು. ಕಿಟಕಿಯಿಂದ ಕಾಣದಂತೆ ಬಗ್ಗಿ ಕುಳಿತಿದ್ದ. ಗಾಡಿ ತಿರುಗಿದಾಗಲೆಲ್ಲ ಅವನ ಮೊಣಕಾಲು ನನ್ನ ಮೊಣಕಾಲಿಗೆ ತಗಲುತ್ತಿತ್ತು. ಅವನು ಪ್ರತಿ ಸಲವೂ ಎಳೆದುಕೊಳ್ಳುತ್ತಿದ್ದ.

ಬಂದರು ದಾಟುವಾಗ ನಾನು ಕೇಳಿದೆ. "ಯಾಕೆ ನಿಲ್ಲಿಸಲಿಲ್ಲ?"

"ನಿಲ್ಲಿಸಿದೆ ಅಕ್ಕ." ಅವನ ಧ್ವನಿ ಒಡೆದಿತ್ತು. "ಬ್ರೇಕು ಹಿಡಿಯಲಿಲ್ಲ. ಮುಂದೆ ಒಂದು ಮನೆಯ ಗೇಟಿನ ಹತ್ತಿರ ಹೋಗಿ ನಿಂತಿತು. ಇಳಿದು ಬಂದೆ."

"ಬಂದು?"

"ನೋಡಿದೆ."

"ಜೀವ ಇತ್ತಾ?"

ಶರೀಫಾ ಬ್ಯಾರಿಯಲ್ಲಿ ಏನೋ ಹೇಳಿದರು. ಹೇಳಬೇಡ ಎಂದಿರಬೇಕು. ವಕೀಲರು ಮುಂದಿನ ಸೀಟಿನಿಂದ, "ಇದು ಈಗ ಬೇಡ" ಎಂದರು.

"ಇತ್ತು" ಎಂದ ಅವನು. "ಕಣ್ಣು ಬಿಟ್ಟಿದ್ದರು. ನನ್ನನ್ನು ನೋಡಿದರು. ಅಷ್ಟರಲ್ಲಿ ಜನ ಓಡಿ ಬರುವುದು ಕಂಡಿತು. ಓಡಿದೆ."

ಅವನು ಓಡಿದ ಮೇಲೂ ಲಾರಿ ಆ ಗೇಟಿನ ಹತ್ತಿರವೇ ಇತ್ತು, ನಡೆಸುವವರಿರಲಿಲ್ಲ. ನನ್ನ ಗಂಡನನ್ನು ಎತ್ತಿ ಹಾಕಲು ಜನರು ಒಂದು ಎತ್ತಿನ ಗಾಡಿಗೆ ಕಾದರೆಂದು ನನಗೆ ಯಾರೋ ಹೇಳಿದ್ದರು. ನಾನು ಕಿಟಕಿಯ ಹೊರಗೆ ನೋಡಿದೆ. ಅಂಗಡಿಗಳು ತೆರೆದಿದ್ದವು. ಈಗ ಗಾಡಿ ನಿಲ್ಲಿಸಿ ಎಂದು ಹೇಳಿ ಇಳಿದು ಹೋಗಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ನಿಲ್ಲಿಸಿ ಎಂಬ ಪದವನ್ನು ಬಾಯಲ್ಲಿ ಇಟ್ಟುಕೊಂಡೇ ನಾನು ಕೋರ್ಟಿನ ಗುಡ್ಡೆಯ ಬುಡದವರೆಗೆ ಬಂದೆ.

ಅಲ್ಲಿ ಟ್ಯಾಕ್ಸಿ ತಾನಾಗಿಯೇ ನಿಂತಿತು.

"ಮೇಲೆ ಬರುವುದಿಲ್ಲ ಮಾರಾಯ್ರೆ" ಎಂದ ಡ್ರೈವರ್. "ಅಲ್ಲಿ ನೋಡಿ. ಕನ್ನಡಿ ಒಡೆದರೆ ನೀವು ಕೊಡ್ತೀರಾ?"

ಏರಿನ ಎಡಗಡೆ ಚಹಾದ ಗೂಡಂಗಡಿಯ ಬೆಂಚಿನಲ್ಲಿ ನಿತ್ಯಾನಂದ ಕುಳಿತಿದ್ದ. ಜೊತೆಗೆ ನಾಲ್ವರು. ಒಬ್ಬನ ಪಕ್ಕದಲ್ಲಿ ಸೈಕಲಿನ ಚೈನು ಸುತ್ತಿ ಇಟ್ಟಿತ್ತು.

"ಹಿಂದೆ ಹೋಗುವ" ಎಂದರು ವಕೀಲರು. "ನಾಳೆ ನೋಡುವ."

"ನಾಳೆ ಅವರು ಗೋದಾಮಿಗೇ ಬರ್ತಾರೆ" ಎಂದ ಯಾಹ್ಯಾ. ಬಾಗಿಲು ತೆರೆದು ಶರೀಫಾ ಮೊದಲು ಇಳಿದರು. ನಾನು ಇಳಿದೆ. ಅವನು ನನ್ನ ಹಿಂದೆ ಇಳಿದ.

ನಾನು ಮುಂದೆ ನಡೆದೆ. ಏರು ದೊಡ್ಡದಲ್ಲ. ಮೇಲೆ ಕೋರ್ಟಿನ ಕಂಬಗಳು ಕಾಣುತ್ತಿದ್ದವು, ಜಗಲಿಯಲ್ಲಿ ಕಕ್ಷಿಗಾರರು ಗುಂಪಾಗಿ ನಿಂತಿದ್ದರು. ನಮ್ಮ ಹೆಜ್ಜೆಯ ಸದ್ದಿಗೋ ಏನೋ ಬೆಂಚಿನವರಲ್ಲಿ ಒಬ್ಬ ತಿರುಗಿದ. ಆಮೇಲೆ ಎಲ್ಲರೂ ಎದ್ದರು.

ನಿತ್ಯಾನಂದ ಮೊದಲು ನನ್ನನ್ನು ಮಾತ್ರ ಕಂಡ. "ಮಾಮಿ, ನೀವು ಎಂತ ಇಲ್ಲಿ?" ಎಂದ. ಆಮೇಲೆ ನನ್ನ ಹಿಂದೆ ನೋಡಿದ. ಅವನ ಮುಖದ ಬಣ್ಣ ಹೋಯಿತು.

"ಬದಿಗೆ ಬನ್ನಿ ಮಾಮಿ."

"ಇವನು ಕೋರ್ಟಿಗೆ ಹೋಗ್ತಿದ್ದಾನೆ. ಬಿಡು."

"ಬದಿಗೆ ಬನ್ನಿ."

ಹುಡುಗರು ರಸ್ತೆಯ ಅಗಲಕ್ಕೆ ಹರಡಿ ನಿಂತರು. ಚೈನಿನವನು ಅದನ್ನು ಕೈಗೆ ಸುತ್ತಿಕೊಂಡ. ಚಹಾದವನು ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ ಒಳಗೆ ಸರಿದ. ಮೇಲಿನ ಜಗಲಿಯಿಂದ ಜನ ನೋಡತೊಡಗಿದರು. ಕೆಲವರು ಮೆಟ್ಟಿಲು ಇಳಿದು ಹತ್ತಿರ ಬಂದರು, ತೀರಾ ಹತ್ತಿರ ಬರಲಿಲ್ಲ.

ಶರೀಫಾ ಮುಂದೆ ಬಂದು, "ಇವರೇ ಹೇಳಿದ್ದಾರಲ್ಲ ಮಗಾ" ಎಂದರು. "ಸತ್ತವರ ಹೆಂಡತಿಯೇ ಬಿಡು ಅಂತ ಹೇಳುವಾಗ ಮತ್ತೆ ಎಂತ ಉಂಟು?"

"ಹೆಂಡತಿಯಾ?" ನಿತ್ಯಾನಂದ ನಕ್ಕ. ಅದು ನಗುವಾಗಿರಲಿಲ್ಲ. "ಬ್ಯಾರ್ದಿ, ನಿಮಗೆ ಯಾರು ಹೇಳಿದ್ದು? ಇವರು ನಮ್ಮ ಕುಟುಂಬದವರೇ ಅಲ್ಲ. ಬೊಜ್ಜ ಆದ ಮರುದಿನ ಕಾವೂರಿಗೆ ಹೋಗುವವರು. ಸತ್ತದ್ದು ನಮ್ಮ ಮಾಮ. ಬಿಡುವುದು, ಬಿಡದೆ ಇರುವುದು ನಾನು ಹೇಳಬೇಕು."

ಶರೀಫಾ ನನ್ನ ಕಡೆ ತಿರುಗಿದರು. ನಾನು ಅಲ್ಲ ಎನ್ನಲಿ ಎಂದು ಕಾದರು. ನಾನು ಅನ್ನಲಿಲ್ಲ. ಅವರ ಮುಖದಲ್ಲಿ ಆಗ ಬಂದದ್ದು ಸಿಟ್ಟಲ್ಲ. ಬಾಗಿಲೆಂದು ತಿಳಿದು ಗೋಡೆಗೆ ಕೈ ಇಟ್ಟವರ ಮುಖ ಅದು. ಅವರು ಮಗನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡರು.

"ಓಡು" ಎಂದರು ಅವನಿಗೆ, ಬ್ಯಾರಿಯಲ್ಲಿ. ಅಷ್ಟು ನನಗೂ ಅರ್ಥವಾಯಿತು.

ಅವನು ಓಡಲಿಲ್ಲ. ಒಂದು ಸಲ ಓಡಿ ಆಗಿತ್ತು.

ಚೈನಿನವನು ಒಂದು ಹೆಜ್ಜೆ ಮುಂದೆ ಇಟ್ಟ. ವಕೀಲರು, "ಇದು ಕೋರ್ಟಿನ ಸರಹದ್ದು, ನಾನು ಅಫಿಡವಿಟ್ ಹಾಕ್ತೇನೆ" ಎಂದು ಹೇಳುತ್ತಿದ್ದರು. ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ನಿತ್ಯಾನಂದ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಗಂಡ ಅವನವರು. ಅವರ ಸಾವೂ ಅವನದು. ನನ್ನದೆಂದು ನಾನು ಎರಡು ದಿನ ಇಟ್ಟುಕೊಂಡಿದ್ದೆ, ಒಬ್ಬರು ಮುದುಕಿ ಹೇಳಿದ್ದರೆಂದು. ಅದನ್ನು ಈಗ ಹಿಂದೆ ಕೊಡಬೇಕಿತ್ತು.

ನಮ್ಮ ಮದುವೆಗಳಲ್ಲಿ ಧಾರೆ ಆದ ಮೇಲೆ ಹೆಣ್ಣಿನ ಕಡೆಯ ಹಿರಿಯರು ಅವಳ ಕೈಯನ್ನು ಗಂಡಿನ ಕಡೆಯವರ ಕೈಯಲ್ಲಿಟ್ಟು, ಇವಳನ್ನು ಹತ್ತು ಸಮಸ್ತರ ಎದುರಿನಲ್ಲಿ ನಿಮ್ಮ ಕೈಗೆ ಒಪ್ಪಿಸಿದ್ದೇವೆ ಎನ್ನುತ್ತಾರೆ. ಮುಂದೆ ಅವಳಿಗೆ ಏನಾದರೂ ಆದರೆ ಆ ಕೈಯವರನ್ನೇ ಕೇಳುವುದು. ಹಿಂದೆ ಹಳ್ಳಿಗಳಲ್ಲಿ ಹೊಡೆದಾಟವಾದಾಗ ಸಿಕ್ಕಿಬಿದ್ದವನನ್ನೂ ಹೀಗೆಯೇ ದೊಡ್ಡ ಮನೆಯವರ ಕೈಗೆ ಒಪ್ಪಿಸುತ್ತಿದ್ದರೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಹಾಗೆ ಕೈಗೆ ಬಂದವನ ಮೈಮೇಲೆ ಗೀರು ಬಿದ್ದರೂ ಆ ಮನೆಗೆ ತಲೆ ಎತ್ತುವ ಹಾಗಿಲ್ಲ.

ನಾನು ಹಿಂದೆ ತಿರುಗಿ ಯಾಹ್ಯಾನ ಬಲಗೈಯ ಮಣಿಕಟ್ಟು ಹಿಡಿದೆ. ಅವನು ಕೊಟ್ಟ. ಅವನನ್ನು ಎಳೆದುಕೊಂಡು ನಿತ್ಯಾನಂದನ ಎದುರು ಬಂದೆ. ಶರೀಫಾರ ಹಿಡಿತದಿಂದ ಅಂಗಿ ಬಿಟ್ಟಿತು.

"ನೀನು ಹೇಳಿದ್ದು ಸರಿ" ಎಂದೆ. ನಾನು ದೊಡ್ಡದಾಗಿ ಮಾತಾಡುವವಳಲ್ಲ. ಆದರೆ ಜಗಲಿಯವರೆಗೆ ಕೇಳಿಸಬೇಕಿತ್ತು. "ನಾನು ನಿಮ್ಮ ಕುಟುಂಬದವಳಲ್ಲ. ನನಗೆ ಪಾಲು ಬೇಡ, ಮನೆಯೂ ಬೇಡ. ಇವತ್ತೇ ಕಾವೂರಿಗೆ ಹೋಗ್ತೇನೆ. ನಿನ್ನ ಮಾಮನದ್ದು ಅಂತ ನನ್ನ ಹತ್ತಿರ ಇನ್ನು ಉಳಿದದ್ದು ಇವನೊಬ್ಬ."

ನಿತ್ಯಾನಂದನ ಕೈ ಬದಿಯಲ್ಲಿ ಮುಷ್ಟಿಯಾಗಿತ್ತು. ನಾನು ಅದನ್ನು ಇನ್ನೊಂದು ಕೈಯಿಂದ ಎತ್ತಿದೆ. ಬೆರಳುಗಳು ಬಿಗಿದಿದ್ದವು. ಯಾಹ್ಯಾನ ಮಣಿಕಟ್ಟನ್ನು ಅವುಗಳಿಗೆ ತಾಗಿಸಿ ನಿಲ್ಲಿಸಿದೆ.

"ನಿತ್ಯಾನಂದ, ಹತ್ತು ಜನರ ಎದುರಿನಲ್ಲಿ ಇವನನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ."

ನಾನು ಕೈ ತೆಗೆದೆ. ಆ ಕ್ಷಣದಲ್ಲಿ ನಾನು ಅವನನ್ನು ಉಳಿಸುತ್ತಿದ್ದೆನೋ ಕೊಡುತ್ತಿದ್ದೆನೋ ನನಗೆ ಗೊತ್ತಿರಲಿಲ್ಲ. ಕಣ್ಣು ಬಿಟ್ಟಿದ್ದರು ಎಂಬ ಮಾತು ಕಿವಿಯಲ್ಲೇ ಇತ್ತು. ಎರಡೂ ಆಗಿರಬಹುದು.

ನಿತ್ಯಾನಂದನ ಬೆರಳುಗಳು ಬಿಡಿಸಿಕೊಂಡು ಮಣಿಕಟ್ಟಿನ ಸುತ್ತ ಮುಚ್ಚಿದವು. ಯೋಚಿಸಿ ಮುಚ್ಚಿದ್ದಲ್ಲ. ಯಾರಾದರೂ ಏನನ್ನಾದರೂ ಕೈಯಲ್ಲಿಟ್ಟರೆ ಕೈ ಹಿಡಿಯುತ್ತದೆ. ಹಿಡಿದ ಮೇಲೆ ಅವನು ಅದನ್ನು ನೋಡಿದ.

"ಬಿಡು ಮಾರಾಯ, ಇದೆಲ್ಲ ನಾಟಕ" ಎಂದ ಚೈನಿನವನು. "ಈ ಕಡೆ ತಳ್ಳು ಅವನನ್ನು."

ಮೆಟ್ಟಿಲಿನಿಂದ ಇಳಿದು ಬಂದವರಲ್ಲಿ ಕಚ್ಚೆ ಉಟ್ಟ ಒಬ್ಬ ಮುದುಕರಿದ್ದರು. ಯಾವುದೋ ಗೇಣಿ ತಕರಾರಿಗೆ ಹಳ್ಳಿಯಿಂದ ಬಂದವರಂತೆ ಕಾಣುತ್ತಿದ್ದರು. ಅವರು ಎಲೆಯಡಿಕೆಯನ್ನು ಬದಿಗೆ ಉಗಿದು, ಯಾರನ್ನೂ ಉದ್ದೇಶಿಸದೆ, "ಒಪ್ಪಿಸಿ ಆಯಿತಲ್ಲ" ಎಂದರು. "ಇನ್ನು ಮುಟ್ಟಿದರೆ ಅವನನ್ನಲ್ಲ, ಹಿಡಿದುಕೊಂಡವನನ್ನು ಮುಟ್ಟಿದ ಹಾಗೆ."

"ನಿಮ್ಮನ್ನು ಕೇಳಿದ್ದು ಯಾರು ಅಜ್ಜ?"

"ಯಾರೂ ಕೇಳಲಿಲ್ಲ. ನನ್ನ ಕೇಸು ಕರೆಯುವುದು ಮಧ್ಯಾಹ್ನ. ಪುರುಸೊತ್ತುಂಟು."

ಯಾರೋ ನಕ್ಕರು. ಚೈನಿನವನು ನಗದೆ ನಿತ್ಯಾನಂದನ ತೋಳಿಗೆ ಕೈ ಹಾಕಿದ. ನಿತ್ಯಾನಂದ ತೋಳನ್ನು ಕೊಡವಿದ. ಬಲವಾಗಿಯೇ ಕೊಡವಿದ. ಚೈನಿನವನು ಎರಡು ಹೆಜ್ಜೆ ಹಿಂದೆ ಸರಿದು ಬೆಂಚಿಗೆ ತಾಗಿದ.

"ಕೈ ಹಾಕಬೇಡ" ಎಂದ ನಿತ್ಯಾನಂದ. "ನನ್ನ ಹತ್ತಿರ ಇರುವಾಗ ಕೈ ಹಾಕಬೇಡ ಮಾರಾಯ."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾದಂತೆ ಕಂಡಿತು. ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ಕೃತಜ್ಞತೆ ಇರಲಿಲ್ಲ. ಮೋಸ ಹೋದವನ ನೋಟ ಅದು. ಆಮೇಲೆ ಯಾಹ್ಯಾನ ಮಣಿಕಟ್ಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಏರು ಹತ್ತತೊಡಗಿದ. ಬಿಗಿ ಎಷ್ಟಿತ್ತೆಂದರೆ ಯಾಹ್ಯಾನ ಬೆರಳುಗಳು ಬಿಳಿಚಿದ್ದವು. ಜನ ದಾರಿ ಬಿಟ್ಟರು. ವಕೀಲರು ಕೋಟಿನ ಒಂದು ತೋಳನ್ನು ಹಾಕಿಕೊಳ್ಳುತ್ತ ಹಿಂದಿನಿಂದ ಓಡಿದರು.

ನಾನು ಹೋಗಲಿಲ್ಲ. ನನ್ನ ಪಾಲಿನ ದೂರ ಮುಗಿದಿತ್ತು. ಶರೀಫಾ ಏರಿನ ನಡುವೆ ಕುಳಿತುಬಿಟ್ಟಿದ್ದರು. ಗೂಡಂಗಡಿಯವನು ಹೊರಗೆ ಬಂದು ಅವರಿಗೆ ಒಂದು ಲೋಟ ನೀರು ಕೊಟ್ಟ. ಹುಡುಗರು ಸ್ವಲ್ಪ ಹೊತ್ತು ನಿಂತು, ಒಬ್ಬೊಬ್ಬರಾಗಿ ಸೈಕಲು ಹತ್ತಿ ಇಳಿದು ಹೋದರು.

ಇಬ್ಬರೂ ಮೇಲಿನ ಬಾಗಿಲನ್ನು ನೋಡುತ್ತಿದ್ದೆವು. ಒಳಗೆ ಹೋಗುವ ಮೊದಲು ಜಗಲಿಯ ಯಾವುದೋ ಕತ್ತಲೆಯ ಮೂಲೆಯಲ್ಲಿ ನಿತ್ಯಾನಂದ ಅವನನ್ನು ಗೋಡೆಗೆ ಚಚ್ಚಬಹುದು ಎಂದು ಯೋಚಿಸಿದೆ. ಶರೀಫಾ ಅದನ್ನೇ ಯೋಚಿಸುತ್ತಿದ್ದರು. ಲೋಟದ ನೀರು ಅವರ ಕೈಯಲ್ಲಿ ಹಾಗೆಯೇ ಇತ್ತು.

"ನೀವು ಮೊದಲೇ ಹೇಳಬಹುದಿತ್ತು" ಎಂದರು ಅವರು, ನನ್ನ ಕಡೆ ತಿರುಗದೆ. "ನಿಮ್ಮ ಮಾತು ನಡೆಯುವುದಿಲ್ಲ ಅಂತ."

"ಹೌದು."

"ನಾನು ನಿಮ್ಮನ್ನು ನಂಬಿ ತಂದದ್ದು ಅವನನ್ನು."

"ಹೌದು."

ಬಹಳ ಹೊತ್ತಾದ ಮೇಲೆ ಇಸಿದೋರ್ ವಕೀಲರು ಜಗಲಿಗೆ ಬಂದು ನಮ್ಮ ಕಡೆ ಕ್ಷೇಮ ಎಂಬಂತೆ ಕೈ ಎತ್ತಿ ತೋರಿಸಿದರು. ಶರೀಫಾ ಆಗ ನೀರು ಕುಡಿದರು. ವಕೀಲರ ಹಿಂದೆ ನಿತ್ಯಾನಂದ ಬಂದ. ಮೆಟ್ಟಿಲು ಇಳಿಯುವಾಗ ಒಂದು ಕಂಬಕ್ಕೆ ಕೈ ಕೊಟ್ಟು ನಿಂತ. ಆಮೇಲೆ ಇಳಿದು ಬಂದ.

ಶರೀಫಾ ಎದ್ದರು. ತಲೆಯ ಬಟ್ಟೆ ಸರಿಮಾಡಿಕೊಂಡರು. ನನ್ನನ್ನು ದಾಟಿ ಅವನ ಎದುರು ಹೋಗಿ, ಬಾವಿಕಟ್ಟೆಯ ಹತ್ತಿರ ನನ್ನ ಎದುರು ನಿಂತ ಹಾಗೆಯೇ ಎರಡು ಕೈಗಳನ್ನು ಎದೆಯ ಮೇಲಿಟ್ಟು ನಿಂತರು. ಅವರು ಕೇಳಿದ್ದೂ ಅವನು ಹೇಳಿದ್ದೂ ನನಗೆ ಕೇಳಿಸಲಿಲ್ಲ. ಮಾಫ್ ಕೇಳಿರಬೇಕು, ನಾನು ಕೇಳಿಸಿಕೊಳ್ಳಬೇಕಾದ ಮಾತು ಅದಾಗಿರಲಿಲ್ಲ. ಅವನು ತಲೆ ಅಲ್ಲಾಡಿಸಿದ್ದು ಮಾತ್ರ ಕಂಡಿತು. ಇಲ್ಲ ಎಂದು. ಶರೀಫಾ ಸ್ವಲ್ಪ ಹೊತ್ತು ನಿಂತು, ಮಗನನ್ನು ಜೈಲಿಗೆ ಒಯ್ಯುವ ಮೊದಲು ನೋಡಲೆಂದು ಮೇಲೆ ಹೋದರು.

ನಿತ್ಯಾನಂದ ನನ್ನ ಹತ್ತಿರ ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಬೆಂಚ್ ಕ್ಲಾರ್ಕು ಕೇಳಿದ, ನೀನು ಯಾರು ಅಂತ" ಎಂದ. "ಕರಕೊಂಡು ಬಂದವ ಅಂತ ಹೇಳಿದೆ. ಮತ್ತೆ ಎಂತ ಹೇಳುವುದು?"

ಬೆಂಚಿಗೆ ಒರಗಿಸಿದ್ದ ತನ್ನ ಸೈಕಲನ್ನು ತೆಗೆದುಕೊಂಡ.

"ಹತ್ತುವಾಗ ಅವನು ಹೇಳಿದ. ಮಾಮ ಕಣ್ಣು ಬಿಟ್ಟಿದ್ದರಂತೆ."

"ನನಗೂ ಹೇಳಿದ. ಟ್ಯಾಕ್ಸಿಯಲ್ಲಿ."

ಅವನು ನಂಬಲಾರದೆ ನೋಡಿದ. "ಕೇಳಿಯೂ ನೀವು ಇಳಿಯಲಿಲ್ಲವಾ?"

"ಇಳಿಯಬೇಕು ಅಂತ ಇತ್ತು."

"ಮತ್ತೆ?"

ಗೂಡಂಗಡಿಯವನು ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟ. ನಿತ್ಯಾನಂದ ತನ್ನ ಬಲಗೈಯನ್ನು ಪಂಚೆಗೆ ಒರೆಸಿದ, ಮತ್ತೆ ಒರೆಸಿದ.

"ಅಮ್ಮನಿಗೆ ಎಂತ ಹೇಳುವುದು?" ಎಂದ. ಧ್ವನಿ ಸಣ್ಣ ಹುಡುಗನದಾಗಿತ್ತು. "ನೀವು ಬನ್ನಿ ಮಾಮಿ. ನೀವೇ ಹೇಳಿ."

"ನೀನೇ ಹೇಳು" ಎಂದೆ. "ಕುಟುಂಬದವ ನೀನು."

ಕುಟುಕಬೇಕೆಂದು ಹೇಳಿದ್ದಲ್ಲ. ಅವನೂ ಹಾಗೆ ತೆಗೆದುಕೊಳ್ಳಲಿಲ್ಲ. ಆಯಿತು ಎಂಬಂತೆ ತಲೆ ಆಡಿಸಿ, ಸೈಕಲನ್ನು ಹತ್ತದೆ ತಳ್ಳಿಕೊಂಡು, ಉರ್ವದ ಕಡೆಗೆ ನಡೆದ.